ದೂರ ಒಂದೇ, ಹೊತ್ತು ಬೇರೆ ಬೇರೆ

ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ? ಗೋಡೆಯ ಮೇಲಿನ ಭೂಪಟದಲ್ಲಿ ನೇರ ಗೆರೆ ಎಳೆದರೆ ಅದು ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ಸಾಗರ ದಾಟಿ ಹೋಗುತ್ತದೆ. ಆದರೆ ಭೂಮಿ ಕಾಗದದಂತೆ ಚಪ್ಪಟೆಯಾಗಿಲ್ಲ. ಶಾಲೆಯ ಭೂಗೋಳದ ಮೇಲೆ ಈ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿದರೆ, ಅದು ಉತ್ತರಕ್ಕೆ ಏರಿ ಟಿಬೆಟ್, ಸೈಬೀರಿಯಾ, ಅಲಾಸ್ಕಾಗಳ ಮೇಲೆ ಹಾಯುತ್ತದೆ. ‘ಮಹಾವೃತ್ತ’ದ ದಾರಿ ಎನ್ನುವುದು ಇದನ್ನೇ. ಇದರ ಉದ್ದ ಸುಮಾರು 14,000 ಕಿ.ಮೀ. ಎರಡು ನಿಲ್ದಾಣಗಳ ನಡುವೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಹತ್ತಿರದ ದಾರಿಯೇ ಬೇಗ ಮುಟ್ಟಿಸುವ ದಾರಿ ಎನ್ನುವಂತಿಲ್ಲ. ವಿಮಾನಗಳು ಹಾರುವ ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ‘ಜೆಟ್ ಸ್ಟ್ರೀಮ್’ ಎಂಬ ಗಾಳಿಯ ಹೊನಲು ಹರಿಯುತ್ತದೆ. ಅದರ ವೇಗ ಕೆಲವೊಮ್ಮೆ ಗಂಟೆಗೆ 200 ಕಿ.ಮೀ. ಮೀರುವುದುಂಟು. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬದಲು ಪೆಸಿಫಿಕ್ ಸಾಗರದ ಮೇಲೆ ಕಳುಹಿಸಿತು. ದಾರಿ ಸುಮಾರು 1,400 ಕಿ.ಮೀ. ಹೆಚ್ಚಿ 15,300 ಕಿ.ಮೀ. ಆಯಿತು. ಆದರೂ ಬೆನ್ನಗಾಳಿಯ ಬಲದಿಂದ ವಿಮಾನ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು. ಸುತ್ತು ದಾರಿಯೇ ಹೊತ್ತನ್ನು ಉಳಿಸಿತ್ತು!

ಗಾಳಿಯಂತೆ ಗಡಿಗಳೂ ಪ್ರಯಾಣದ ಹೊತ್ತನ್ನು ನಿರ್ಧರಿಸುತ್ತವೆ. ಉಕ್ರೇನ್ ಯುದ್ಧ ಆರಂಭವಾದ ಮೇಲೆ ರಷ್ಯಾದ ಆಕಾಶ ಅಮೆರಿಕದ ವಿಮಾನಗಳಿಗೆ ಮುಚ್ಚಿತು. 2022ರ ಮಾರ್ಚ್‌ನಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ಸೇವೆಯನ್ನು ನಿಲ್ಲಿಸಬೇಕಾಯಿತು. ಭಾರತದ ವಿಮಾನಗಳು ಅದೇ ದಾರಿಯಲ್ಲಿ ಹಾರುತ್ತಲೇ ಇದ್ದವು. ಆ ದಾರಿಗೂ ತನ್ನದೇ ಕಷ್ಟಗಳಿವೆ. 2023ರ ಜೂನ್ 6ರಂದು ಏರ್ ಇಂಡಿಯಾದ ವಿಮಾನವೊಂದು ಎಂಜಿನ್ ದೋಷದಿಂದ ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳಿಯಿತು. ಅದರಲ್ಲಿದ್ದ 216 ಪ್ರಯಾಣಿಕರು ಬದಲಿ ವಿಮಾನ ಬರುವವರೆಗೆ, ಭಾಷೆ ತಿಳಿಯದ ಆ ಊರಿನಲ್ಲೇ ಉಳಿಯಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ, ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಸುತ್ತು ಹಾಕಬೇಕಾಯಿತು. ಇದರಿಂದ ಇಂಧನದ ಖರ್ಚೂ ಏರಿತು.

ಇನ್ನು ಗಡಿಯಾರದ ಲೆಕ್ಕ. 2021ರ ಜನವರಿ 9ರಂದು ರಾತ್ರಿ ಎಂಟೂವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ವಿಮಾನವೊಂದು ಉತ್ತರ ಧ್ರುವದ ದಾರಿಯಲ್ಲಿ ಹಾರಿ ಜನವರಿ 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಪೈಲಟ್ ತಂಡದಲ್ಲಿ ಎಲ್ಲರೂ ಮಹಿಳೆಯರೇ. ತಾರೀಖು ನೋಡಿದರೆ ಪ್ರಯಾಣಕ್ಕೆ ಎರಡು ದಿನ ಹಿಡಿದಂತೆ ಕಾಣುತ್ತದೆ. ಹಾರಿದ್ದು ಸುಮಾರು 17 ಗಂಟೆ ಮಾತ್ರ. ಉಳಿದದ್ದು ಎರಡು ಊರುಗಳ ಗಡಿಯಾರಗಳ ನಡುವಿನ ಹದಿಮೂರೂವರೆ ಗಂಟೆಯ ಅಂತರ. ಟಿಕೆಟ್ಟಿನಲ್ಲಿ ಅಚ್ಚಾಗುವುದು ಆಯಾ ಊರಿನ ವೇಳೆ. ಮಗಳನ್ನು ಕರೆತರಲು ದೇವನಹಳ್ಳಿಗೆ ಹೊರಡುವ ತಂದೆ ತಾಯಿ ಮೊದಲು ನೋಡಬೇಕಾದದ್ದು ಇಳಿಯುವ ತಾರೀಖನ್ನು.