ಜಲಕ್ರೀಡೆ ಮತ್ತು ಕಣ್ಣಿನ ರಕ್ಷಣೆ

ಗಣೇಶಗುಡಿಯ ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್‌ಗೆ ಬರುವ ಪ್ರವಾಸಿಗರು ಕೆಲವು ಗಂಟೆಗಳಲ್ಲಿ ಮರಳುತ್ತಾರೆ. ದೋಣಿ ನಡೆಸುವ ಯುವಕರು ದಿನನಿತ್ಯವೂ ಬಿಸಿಲಿನಲ್ಲಿ ನೀರಿನ ಮೇಲಿರುತ್ತಾರೆ. ಆಕಾಶದಿಂದ ಬರುವ ಹಾಗೂ ನೀರಿನಿಂದ ಪ್ರತಿಫಲಿಸುವ ನೇರಳಾತೀತ ಕಿರಣಗಳು ವರ್ಷಗಟ್ಟಲೆ ತಗುಲಿದರೆ ಕಣ್ಣಿನ ಪೊರೆ ಬರುವ ಅಪಾಯ ಹೆಚ್ಚುತ್ತದೆ. ಬಿಳಿಗುಡ್ಡೆಯಿಂದ ಕರಿಗುಡ್ಡೆಯತ್ತ ಮಾಂಸದ ಪದರವೂ ಬೆಳೆಯಬಹುದು.

ಕನ್ನಡಕದ ಕಪ್ಪು ಬಣ್ಣವೊಂದೇ ರಕ್ಷಣೆಯಲ್ಲ. ಈ ಕಿರಣಗಳನ್ನು ತಡೆಯದ ಕಪ್ಪು ಮಸೂರದ ಹಿಂದೆ ಕಣ್ಣಿನ ಪಾಪೆ ಹಿಗ್ಗುವುದರಿಂದ ಹಾನಿ ಹೆಚ್ಚಬಹುದು. ಆದ್ದರಿಂದ ‘ಯುವಿ 400’ ಗುರುತುಳ್ಳ, ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟ್ ಮಸೂರದ, ತಲೆಯ ಹಿಂದೆ ಪಟ್ಟಿಯಿಂದ ಬಿಗಿಯಬಹುದಾದ ಕನ್ನಡಕವೇ ಸೂಕ್ತ.

ಲೈಫ್ ಜಾಕೆಟ್ ಮತ್ತು ಹೆಲ್ಮೆಟ್‌ಗಳೊಂದಿಗೆ ಇಂತಹ ಕನ್ನಡಕವನ್ನೂ ಸಿಬ್ಬಂದಿಗೆ ಒದಗಿಸುವಂತೆ ಗ್ರಾಮ ಪಂಚಾಯತಿ ಸದಸ್ಯರು ಜಲಕ್ರೀಡೆ ನಡೆಸುವವರಿಗೆ ಮನವರಿಕೆ ಮಾಡಿಕೊಡುವುದು ಅವಶ್ಯಕ.