ಲಕ್ವಾ ಹೊಡೆಯುವುದು ಮಿದುಳಿಗೆ

ತುಂಗಭದ್ರೆಯ ದಂಡೆಯ ದಢೇಸುಗೂರಿನ ಕಡೆ ಒಂದು ಮಗ್ಗುಲು ಬಿದ್ದುಹೋದವರನ್ನು ಕಂಡರೆ ‘ಲಕ್ವಾ ಹೊಡೆದೈತಿ’ ಅನ್ನುತ್ತಾರೆ. ಕೈ ಏಳುವುದಿಲ್ಲ, ಬಾಯಿ ಸೊಟ್ಟಗಾಗಿದೆ. ಆರೈಕೆಯೂ ಆ ಕೈಬಾಯಿಗೇ ನಡೆಯುತ್ತದೆ. ಎಣ್ಣೆ ತಿಕ್ಕುವವರಿದ್ದಾರೆ, ಪಾರಿವಾಳದ ರಕ್ತ ಹಚ್ಚುವವರೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಆ ಕೈಯಲ್ಲಿ ಯಾವ ಕೇಡೂ ಇಲ್ಲ. ಕೇಡಿರುವುದು ತಲೆಬುರುಡೆಯೊಳಗೆ, ಅದೂ ಸಾಮಾನ್ಯವಾಗಿ ಎದುರು ಮಗ್ಗುಲಲ್ಲಿ.

ಮಿದುಳಿನಿಂದ ಕೈಕಾಲಿಗೆ ಇಳಿಯುವ ನರತಂತುಗಳಲ್ಲಿ ಬಹುಪಾಲು, ಬೆನ್ನುಹುರಿ ಸೇರುವ ಮುಂಚೆ ಎಡದವು ಬಲಕ್ಕೆ, ಬಲದವು ಎಡಕ್ಕೆ ದಾಟುತ್ತವೆ. ಬಲಗೈ ಬಿದ್ದವರಿಗೆ ಎಷ್ಟೋ ಸಲ ಮಾತೂ ನಿಲ್ಲುವುದೇಕೆ? ಹೆಚ್ಚಿನವರಲ್ಲಿ ಮಾತಿನ ನೆಲೆ ಎಡಮಿದುಳು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, ‘ಟಾನ್’ ಎಂಬುದರ ಹೊರತು ಬೇರೆ ಮಾತು ಬಾರದಿದ್ದ ರೋಗಿಯ ಮಿದುಳನ್ನು ಅವನ ಸಾವಿನ ನಂತರ ಪರೀಕ್ಷಿಸಿ, ಎಡ ಮುಂಭಾಗದ ಗಾಯವನ್ನು ತೋರಿಸಿದ. ತಲೆಯ ಹಿಂಬದಿಯ ಚಿಕ್ಕಮಿದುಳಿಗೆ ಪೆಟ್ಟಾದರೆ ಕೈಕಾಲಲ್ಲಿ ಶಕ್ತಿಯಿದ್ದೂ ಮನುಷ್ಯ ತೂರಾಡುತ್ತಾನೆ. ಇಂಥವನನ್ನು ‘ಕುಡಿದಿದ್ದಾನೆ’ ಎಂದು ಮಲಗಿಸಿಬಿಡುವುದು ದೊಡ್ಡ ಅನ್ಯಾಯ.

ಮಿದುಳಿನ ತೂಕ ಸುಮಾರು 1.4 ಕಿಲೋ, ಮೈತೂಕದ ನೂರಕ್ಕೆ 2 ಪಾಲು. ಉಣ್ಣುವುದು ಮಾತ್ರ ದೇಹದ ಆಮ್ಲಜನಕದ 20 ಪಾಲು, ಕೂಡಿಡುವುದು ಏನೂ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆ ನೀರು ಕಟ್ಟಿದರೆ ಒಂದಿಷ್ಟು ಗದ್ದೆ ಬೇಗ ಒಣಗುತ್ತದೆ, ಸುತ್ತಲಿನದು ಬಾಡಿದರೂ ಇನ್ನೂ ಜೀವ ಹಿಡಿದಿರುತ್ತದೆ. ರಕ್ತನಾಳ ಕಟ್ಟಿದಾಗ ಮಿದುಳಿನಲ್ಲೂ ಹೀಗೇ. ದೊಡ್ಡ ನಾಳ ಕಟ್ಟಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆಂಬುದು ತಜ್ಞರ ಲೆಕ್ಕ. ಚಿಕಿತ್ಸೆಯ ಗುರಿಯೆಲ್ಲ ಇನ್ನೂ ಬದುಕಿರುವ ಆ ಅಂಚನ್ನು ಉಳಿಸಿಕೊಳ್ಳುವುದು.

ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡುವುದು ವಾಡಿಕೆ. ಆದರೆ ಲಕ್ವಾ ನಾಳ ಕಟ್ಟಿ ಬಂದದ್ದೋ, ನಾಳ ಒಡೆದು ಬಂದದ್ದೋ ಹೊರಗಿನಿಂದ ತಿಳಿಯದು. ಒಡೆದಿದ್ದರೆ ಅದೇ ಇಂಜೆಕ್ಷನ್ ಜೀವ ತೆಗೆದೀತು. ಸಿ.ಟಿ. ಸ್ಕ್ಯಾನ್ ಆಗಲೇಬೇಕು. ‘ರಕ್ತ ತೆಳುವಾಗಲಿ’ ಎಂದು ಮನೆಯಲ್ಲೇ ಆಸ್ಪಿರಿನ್ ನುಂಗಿಸುವುದು ತಪ್ಪು. ನುಂಗಲಾಗದವರ ಬಾಯಿಗೆ ನೀರೂ ಹಾಕಬಾರದು.

ದಢೇಸುಗೂರಿನಿಂದ ರಾಯಚೂರಿನ ರಿಮ್ಸ್‌ಗಾಗಲಿ, ಜನ ಈಗಲೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಆಸ್ಪತ್ರೆಗಾಗಲಿ ಒಂದು ಗಂಟೆ ಮೀರುವ ದಾರಿ. ನಾಟಿ ಔಷಧಿಗೆಂದು ಅರ್ಧ ದಿನ ಕಳೆದರೆ ದೊಡ್ಡಾಸ್ಪತ್ರೆಯಲ್ಲಿ ಎಷ್ಟೇ ಸೌಕರ್ಯವಿದ್ದರೂ ಆ ಇಂಜೆಕ್ಷನ್ನಿನ ಹೊತ್ತು ಮೀರಿರುತ್ತದೆ. ರಾಜ್ಯ ಸರ್ಕಾರ 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಮಿದುಳು ಆರೋಗ್ಯ ಯೋಜನೆ ಆರಂಭಿಸಿದೆ. ಅದರ ತಿಳಿವಳಿಕೆ ಜಿಲ್ಲಾ ಕೇಂದ್ರ ದಾಟಿ ನದಿದಂಡೆಯ ಇಂಥ ಊರುಗಳಿಗೂ ಬರಬೇಕು.

ಬಾಯಿ ಸೊಟ್ಟಗಾಯಿತೇ, ಕೈ ಜೋತಿತೇ, ಮಾತು ತೊದಲಿತೇ, ಕೂಡಲೇ ಗಡಿಯಾರ ನೋಡಿ ಹೊತ್ತು ಗುರುತಿಟ್ಟುಕೊಳ್ಳಿ, 108ಕ್ಕೆ ಫೋನ್ ಮಾಡಿ. ಲಕ್ವಾಕ್ಕೆ ಬಹು ದೊಡ್ಡ ಕಾರಣ ಬಿ.ಪಿ.; ಮನೆಯಲ್ಲಿ ಮೂವತ್ತು ದಾಟಿದವರೆಲ್ಲ ಹತ್ತಿರದ ಸರ್ಕಾರಿ ದವಾಖಾನೆಯಲ್ಲಿ ಅದನ್ನು ನೋಡಿಸಿಕೊಳ್ಳಿ. ಗುಳಿಗೆ ಬರೆದುಕೊಟ್ಟಿದ್ದರೆ, ಆರಾಮಾಯಿತೆಂದು ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ.