ಕುಡುಗೋಲಿನಂತೆ ಬಾಗುವ ರಕ್ತಕಣ

ಮೈಸೂರಿನಿಂದ ಉದಕಮಂಡಲಕ್ಕೆ ಹೊರಟವರು ಬಂಡೀಪುರ, ಮುದುಮಲೆಗಳ ಕಾಡನ್ನು ದಾಟಿ ಗೂಡಲೂರಿನಲ್ಲಿ ಕಾಫಿಗಾಗಿ ಇಳಿಯುವುದುಂಟು. ಮುಂದಿನ ಘಟ್ಟದ ಚೆಲುವನ್ನೇ ನೆನೆಯುತ್ತಿರುವ ಪ್ರವಾಸಿಗೆ ಆ ಊರಿನ ಆದಿವಾಸಿ ಆಸ್ಪತ್ರೆಯ ಸುಳಿವು ಹತ್ತುವುದು ಅಪರೂಪ. ‘ಅಶ್ವಿನಿ’ ಎಂಬ ಸಂಸ್ಥೆ 1990ರಲ್ಲಿ ಆರಂಭಿಸಿದ ಈ ಆಸ್ಪತ್ರೆಗೆ ಪಣಿಯ, ಬೆಟ್ಟ ಕುರುಂಬ, ಮುಳ್ಳು ಕುರುಂಬ ಮೊದಲಾದ ಜನ ಬರುತ್ತಾರೆ. ದಾದಿಯರಲ್ಲಿ ಹಲವರು ಆ ಜನಗಳ ಹೆಣ್ಣುಮಕ್ಕಳೇ. ಇಲ್ಲಿ ವಿಶೇಷ ಆರೈಕೆ ದೊರೆಯುವ ವ್ಯಾಧಿಯೊಂದಿದೆ. ವೈದ್ಯರು ಅದನ್ನು ‘ಸಿಕಲ್ ಸೆಲ್’ ಎನ್ನುತ್ತಾರೆ. ನಾವು ಕುಡುಗೋಲು ಕಣ ರೋಗವೆನ್ನೋಣ.

1910ರಲ್ಲಿ ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್, ಗ್ರೆನಡಾ ದ್ವೀಪದಿಂದ ಬಂದ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕಣಗಳಿದ್ದುದನ್ನು ವರ್ಣಿಸಿದನು. ದೋಷವಿರುವುದು ಹಿಮೊಗ್ಲೋಬಿನ್ನಿನ ಅಣುವಿನಲ್ಲಿಯೇ ಎಂಬುದನ್ನು 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ತೋರಿಸಿದರು. ಆಮ್ಲಜನಕವನ್ನು ಬಿಟ್ಟುಕೊಟ್ಟೊಡನೆ ಈ ಹಿಮೊಗ್ಲೋಬಿನ್ ಹುರಿಗಟ್ಟಿ ಕಣವನ್ನು ಬಾಗಿಸುತ್ತದೆ. ಬಾಗಿದ ಕಣಗಳು ಕಿರುನಾಳಗಳಲ್ಲಿ ಸಿಕ್ಕಿಕೊಂಡು ರಕ್ತದ ಹಾದಿಯನ್ನು ಕಟ್ಟುತ್ತವೆ. 120 ದಿನ ಬಾಳಬೇಕಾದವು 10-20 ದಿನಗಳಲ್ಲೇ ಅಳಿಯುತ್ತವೆ. ನಮ್ಮ ನೀಲಗಿರಿಯ ಗಿರಿಜನರಲ್ಲಿ ಇಂತಹ ಕಣಗಳಿವೆಯೆಂಬುದನ್ನು 1952ರಲ್ಲಿ ಲೆಹ್‌ಮನ್ ಮತ್ತು ಕಟ್‌ಬುಷ್ ಪ್ರಕಟಿಸಿದರು.

ಹಾದಿ ಕಟ್ಟಿದಾಗ ಬರುವ ನೋವು ಎಂತಹುದು? ಬೆನ್ನು, ತೊಡೆ, ಎದೆಗಳಲ್ಲಿ ಮೂಳೆಯನ್ನೇ ಮುರಿದಂತಹ ಯಾತನೆ. ಆದರೆ ಹೊರಗೆ ಗಾಯವಿಲ್ಲ. ಎಷ್ಟೋ ವೇಳೆ ಬಾವೂ ಇಲ್ಲ. ಹೀಗಾಗಿ ರೋಗಿ ಸೋಗು ಹಾಕುತ್ತಿದ್ದಾನೆಂದು ಸಂಶಯಿಸುವವರುಂಟು. ಇದು ಬಡ ದೇಶದ ಅಜ್ಞಾನವೆಂದು ಭಾವಿಸಬೇಕಾಗಿಲ್ಲ: ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿಯೂ ಇಂತಹ ರೋಗಿಗಳ ಮಾತಿಗೆ ಕಿವಿಗೊಡುತ್ತಿಲ್ಲವೆಂದು ಅಲ್ಲಿಯ ಸಂಸತ್ಸದಸ್ಯರ ತಂಡವೊಂದು 2021ರಲ್ಲಿ ವರದಿ ಮಾಡಿತು.

ವಿಶೇಷ ಆರೈಕೆಯೆಂದರೆ ಬೆಲೆಬಾಳುವ ಯಂತ್ರಗಳೆಂದು ನಾವು ತಿಳಿಯುತ್ತೇವೆ. ಈ ರೋಗದಲ್ಲಿ ಅದರ ಮೊದಲ ಮೆಟ್ಟಿಲು ನಂಬಿಕೆ. ರೋಗವನ್ನು ಬಲ್ಲ ಆಸ್ಪತ್ರೆಯಲ್ಲಿ ರೋಗಿಯನ್ನು ಸಾಲಿನಲ್ಲಿ ಕಾಯಿಸದೆ, ತೀವ್ರ ನೋವಿಗೆ ಬೇಕಾದರೆ ಮಾರ್ಫಿನ್ನನ್ನೂ ಕೊಟ್ಟು, ಮೈ ಬೆಚ್ಚಗಿರಿಸಿ, ನೀರಿನಂಶ ತಗ್ಗದಂತೆ ನೋಡಿಕೊಳ್ಳುತ್ತಾರೆ. ಎದೆನೋವು, ಉಬ್ಬಸ ಕಂಡರೆ ಎಚ್ಚರವಾಗುತ್ತಾರೆ. ಶ್ವಾಸಕೋಶಕ್ಕೆ ತಗುಲಿದರೆ ಪ್ರಾಣಕ್ಕೇ ಅಪಾಯ. ಎಳೆಯ ಮಕ್ಕಳಿಗೆ ಸೋಂಕು ತಾಕದಂತೆ ಐದು ವರ್ಷದವರೆಗೆ ಪೆನಿಸಿಲಿನ್ ಕೊಡುವುದುಂಟು. ಮಗುವಿನ ಹೊಟ್ಟೆಯ ಎಡಭಾಗವನ್ನು ಮುಟ್ಟಿ ಗುಲ್ಮ ಹಠಾತ್ತನೆ ಊದಿದೆಯೇ ಎಂದು ತಿಳಿಯುವುದನ್ನು ತಾಯಿಗೆ ಕಲಿಸುತ್ತಾರೆ. ರಕ್ತವೆಲ್ಲ ಅಲ್ಲಿಯೇ ತುಂಬಿ ಮಗು ಗಂಟೆಗಳಲ್ಲಿ ತೀರಿಕೊಳ್ಳಬಹುದಾದ್ದರಿಂದ ಆ ತಾಯಿಯ ಬೆರಳುಗಳೇ ಇಲ್ಲಿ ವೈದ್ಯ.

ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ವಾಹಕರು ಸಾಮಾನ್ಯವಾಗಿ ಆರೋಗ್ಯವಂತರೇ. ಕಠಿನ ಮಲೇರಿಯಾದಿಂದ ಅವರಿಗೆ ಒಂದಿಷ್ಟು ರಕ್ಷಣೆಯೂ ಉಂಟು. ಕರ್ನಾಟಕದಲ್ಲಿ, 1981ರಲ್ಲಿ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ನಡುವೆ ಈ ರೋಗದ ಪತ್ತೆ, ಚಿಕಿತ್ಸೆಗಳನ್ನು ಕೈಗೊಂಡಿದೆ. ಕೇಂದ್ರ ಸರ್ಕಾರವು 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನವನ್ನೇ ಸಾರಿ, 7 ಕೋಟಿ ಜನರ ರಕ್ತಪರೀಕ್ಷೆಯ ಗುರಿಯಿಟ್ಟಿತು. ಪರೀಕ್ಷೆಯಾದವರಿಗೆ ಫಲಿತಾಂಶದ ಚೀಟಿ ಕೊಡುವುದು ಒಳ್ಳೆಯದೇ. ಹೆಣ್ಣುಮಕ್ಕಳ ಪಾಲಿಗೆ ಅದೊಂದು ಎರಡನೆಯ ಜಾತಕವಾಗದಂತೆ ಮಾತ್ರ ನೋಡಿಕೊಳ್ಳಬೇಕು.

ಈ ರೋಗಕ್ಕಾಗಿ ಜೀನನ್ನು ತಿದ್ದುವ ಚಿಕಿತ್ಸೆಯೊಂದಕ್ಕೆ 2023ರ ನವೆಂಬರಿನಲ್ಲಿ ಬ್ರಿಟನ್ ಒಪ್ಪಿಗೆಯಿತ್ತಿತು. ಅಮೆರಿಕದಲ್ಲಿ ಅದಕ್ಕೆ ಕಟ್ಟಿದ ಬೆಲೆ ಒಬ್ಬ ರೋಗಿಗೆ 22 ಲಕ್ಷ ಡಾಲರು! ನಮ್ಮ ಕಾಡಂಚಿನ ರೋಗಿಗೆ ಎಟುಕುವುದು ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ ಗುಳಿಗೆ. ಗರ್ಭಸ್ಥ ಶಿಶುವಿನಲ್ಲಿರುವ ಬಗೆಯ ಹಿಮೊಗ್ಲೋಬಿನ್ ಅದರಿಂದ ಹೆಚ್ಚಿ, ಕಣಗಳು ಬಾಗುವುದು ಕಡಿಮೆಯಾಗುತ್ತದೆ. ಆದರೆ ಅದನ್ನು ದಿನವೂ ನುಂಗಬೇಕು, ಆಗಾಗ್ಗೆ ರಕ್ತಪರೀಕ್ಷೆಗೆ ಬರಬೇಕು; ಬಾರದಿದ್ದವರ ಗುಡಿಸಲಿಗೆ ಯಾರಾದರೂ ನಡೆದು ಹೋಗಬೇಕು.